ಕ್ಲಿಯರೆನ್ಸ್ ಹೈಟ್ ಎಷ್ಟಿಡಬೇಕು? ಸಿಮ್ಯುಲೇಶನ್ ಹಸಿರು, ಮಷೀನಿನಲ್ಲಿ ಟೂಲ್ ನೇರ ಸ್ಟಡ್ ಕಡೆಗೆ

ಹತ್ತರ_ಎಂಡ್‌ಮಿಲ್
ಫ್ಯೂಷನ್‌ನ (ಟೂಲ್ ದಾರಿ ಬರೆಯೋ ಕ್ಯಾಮ್ ಸಾಫ್ಟ್‌ವೇರ್) ಹೈಟ್ಸ್ ಟ್ಯಾಬ್, ಅಂದರೆ ಟೂಲ್ ಯಾವ ಎತ್ತರದಲ್ಲಿ ಓಡಬೇಕು ಅಂತ ಕೊಡೋ ಜಾಗದ ಬಗ್ಗೆ ಗೊತ್ತಿರೋರು ಹೇಳಿ. ಜಾಬ್ ಅಲ್ಯುಮಿನಿಯಂ 6061 ಪ್ಲೇಟ್, 180×120×32. ಮೇಲ್ಮೈ ಹಿಂದಿನ ಸೆಟಪ್‌ನಲ್ಲೇ ಫೇಸ್ ಆಗಿದೆ, ಝಡ್ ಸೊನ್ನೆ ಅಲ್ಲೇ. ಮಧ್ಯೆ 8 ಎಂಎಂ ರಿಬ್ ಬಿಟ್ಟು ಎರಡು ಪಾಕೆಟ್, ಆಳ 22. ಪ್ರತಿ ಪಾಕೆಟ್ ತಳದಲ್ಲಿ ಎಂ6 ಟ್ಯಾಪ್‌ಗೆ ಆರು 5 ಎಂಎಂ ಹೋಲ್, ಒಟ್ಟು ಹನ್ನೆರಡು. ನಾಲ್ಕು ಕಡೆ ಸ್ಟ್ರ್ಯಾಪ್ ಕ್ಲ್ಯಾಂಪ್, ಅವನ್ನ ಬಿಗಿಯೋ ಸ್ಟಡ್‌ಗಳು (ಥ್ರೆಡ್ ಇರೋ ಕಡ್ಡಿಗಳು) ಜಾಬ್ ಮೇಲ್ಮೈಯಿಂದ 38 ಎಂಎಂ ಎದ್ದು ನಿಂತಿವೆ. ಮಷೀನ್ ವಿಎಂಸಿ (ಲಂಬ ಸ್ಪಿಂಡಲ್‌ನ ಸಿಎನ್‌ಸಿ ಮಿಲ್), ಕಂಟ್ರೋಲರ್ ಫ್ಯಾನುಕ್ 0ಐ, ರಾಪಿಡ್ (ಕಡಿಯದೆ ಓಡೋ ವೇಗ) ನಿಮಿಷಕ್ಕೆ 36 ಮೀಟರ್.

ಹೈಟ್ಸ್ ಎಲ್ಲಾ ಡಿಫಾಲ್ಟ್‌ನಲ್ಲೇ ಇವೆ. 10 ಎಂಎಂ ಎಂಡ್‌ಮಿಲ್ ಪಾಕೆಟ್ ಮುಗಿಸಿ ಹೊರಗಿನ ಸ್ಲಾಟ್‌ಗೆ ಹೋಗುವಾಗ ಝಡ್15ರಲ್ಲೇ ಅಡ್ಡ ಹೊರಡುತ್ತೆ. ದಾರಿಯಲ್ಲಿ ಸ್ಟಡ್. ಡ್ರೈ ರನ್‌ನಲ್ಲಿ ಫೀಡ್ ಹೋಲ್ಡ್ ಒತ್ತಿದ್ದರಿಂದ ಏನೂ ಆಗಿಲ್ಲ. ಮೊದಲ ಆಪರೇಶನ್‌ಗೆ ಬರುವಾಗ ಮಾತ್ರ ಸರಿಯಾಗಿ ಮೇಲಿಂದಲೇ ಇಳಿಯುತ್ತೆ, ಎರಡನೇದಕ್ಕೆ ಯಾಕೆ ಹೀಗೆ? ಸಿಮ್ಯುಲೇಶನ್‌ನಲ್ಲಿ ಒಂದು ಕೆಂಪು ಗೆರೆಯೂ ಇಲ್ಲ.

ಸೆಟ್ಟರಣ್ಣ
ಎಲ್ಲದಕ್ಕೂ 100 ಹಾಕು ಗುರು. ತಲೆನೋವೇ ಇಲ್ಲ.

ಪೋಸ್ಟ್‌ಮ್ಯಾನ್
ಮೊದಲು "ಯಾಕೆ" ಅನ್ನೋದಕ್ಕೆ ಉತ್ತರ. ಟೂಲ್ ಚೇಂಜ್ ಆದ ಮೇಲೆ ಸ್ಪಿಂಡಲ್ ಝಡ್ ಹೋಮ್‌ನಲ್ಲಿ ಇರುತ್ತೆ. ಪೋಸ್ಟ್ (ಟೂಲ್ ದಾರಿಯನ್ನ ಮಷೀನ್ ಕೋಡ್ ಮಾಡೋ ಭಾಗ) ಅಲ್ಲಿಂದ ಮೊದಲು ಎಕ್ಸ್ ವೈ ಹೋಗಿಸಿ, ಆಮೇಲೆ ಜಿ43 ಎಚ್ (ಟೂಲ್ ಉದ್ದದ ಲೆಕ್ಕ) ಜೊತೆ ಕ್ಲಿಯರೆನ್ಸ್ ಹೈಟ್‌ಗೆ ಇಳಿಸುತ್ತೆ. ಹಾಗಾಗಿ ಮೊದಲ ಸಲ ಸ್ಟಡ್ ಎಷ್ಟೇ ಎತ್ತರ ಇದ್ದರೂ ತಲೆ ಮೇಲಿಂದ ದಾಟಿಬಿಡುತ್ತೆ. ಮುಂದಿನ ಆಪರೇಶನ್‌ಗೂ ಅದೇ ಟೂಲ್, ಅದೇ ಜಿ54 (ಜಾಬ್‌ನ ಸೊನ್ನೆ) ಇದ್ದರೆ ಹೋಮ್‌ಗೆ ಹೋಗೋ ಕಾರಣವೇ ಇಲ್ಲ. ಕ್ಲಿಯರೆನ್ಸ್ ಹೈಟ್‌ನಲ್ಲೇ ಅಡ್ಡ ಓಡುತ್ತೆ. ಡಿಫಾಲ್ಟ್ ಲೆಕ್ಕ ನೋಡಿ: ರಿಟ್ರ್ಯಾಕ್ಟ್ ಅಂದರೆ ಸ್ಟಾಕ್ (ಕಡಿಯೋ ಮೆಟೀರಿಯಲ್) ಟಾಪ್‌ಗಿಂತ 5 ಮೇಲೆ, ಕ್ಲಿಯರೆನ್ಸ್ ಅಂದರೆ ಆ ರಿಟ್ರ್ಯಾಕ್ಟ್‌ಗಿಂತ 10 ಮೇಲೆ. ನಿಮ್ಮ ಸ್ಟಾಕ್ ಟಾಪ್ ಸೊನ್ನೆ, ಆದ್ದರಿಂದ 5 ಮತ್ತು 15. ಸ್ಟಡ್ 38. ಸಾಫ್ಟ್‌ವೇರ್ ತನಗೆ ಗೊತ್ತಿರೋ ಲೆಕ್ಕವನ್ನ ಸರಿಯಾಗೇ ಮಾಡಿದೆ. ಸ್ಟಡ್ ಇದೆ ಅಂತ ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೆ.

ಸಿಮ್ಯುಲೇಶನ್ ಹಸಿರಾಗಿರೋದಕ್ಕೂ ಅದೇ ಕಾರಣ. ಕ್ಲ್ಯಾಂಪ್, ಸ್ಟಡ್, ನಟ್ ಮಾಡೆಲ್ ಮಾಡಿ ಸೆಟಪ್‌ನಲ್ಲಿ ಫಿಕ್ಸ್ಚರ್ ಅಂತ ಟಿಕ್ ಹಾಕಿ ಆರಿಸಿಕೊಳ್ಳಬೇಕು. ನಟ್‌ನ ಷಡ್ಭುಜ, ಥ್ರೆಡ್ ಎಲ್ಲಾ ಬಿಡಿಸೋದು ಬೇಡ. 16 ಎಂಎಂ ಸಿಲಿಂಡರ್ ಒಂದು, ಪಟ್ಟಿಗೆ ಒಂದು ಡಬ್ಬಿ, ಸಾಕು. ಹಾಗೇ ಟೂಲ್ ಲೈಬ್ರರಿಯಲ್ಲಿ ಹೋಲ್ಡರ್ ಹಾಕಿದ್ದೀರಾ ನೋಡಿ. ಹೋಲ್ಡರ್ ಇಲ್ಲದ ಸಿಮ್ಯುಲೇಶನ್ ಅರ್ಧ ಸಿಮ್ಯುಲೇಶನ್.

ಚಿಪ್‌ಬುಟ್ಟಿ
ಐದು ಹೈಟ್‌ಗಳನ್ನ ಜನ ಒಂದೇ ಗುಂಪು ಅಂತ ನೋಡ್ತಾರೆ, ಗೊಂದಲ ಶುರುವಾಗೋದೇ ಅಲ್ಲಿ. ಟಾಪ್ ಮತ್ತು ಬಾಟಮ್ ಕಟಿಂಗ್‌ಗೆ ಸೇರಿದ್ದು. ಎಲ್ಲಿಂದ ಎಲ್ಲಿವರೆಗೆ ಮೆಟೀರಿಯಲ್ ತೆಗೀಬೇಕು ಅನ್ನೋದು. ಫೀಡ್ ಹೈಟ್ ಅಂದರೆ ರಾಪಿಡ್ ನಿಂತು ಫೀಡ್ ಶುರುವಾಗೋ ಜಾಗ. ರಿಟ್ರ್ಯಾಕ್ಟ್ ಅಂದರೆ ಅದೇ ಆಪರೇಶನ್ ಒಳಗೆ ಒಂದು ಪಾಸ್‌ನಿಂದ ಇನ್ನೊಂದಕ್ಕೆ ಹಾರೋವಾಗಿನ ಎತ್ತರ. ಕ್ಲಿಯರೆನ್ಸ್ ಅಂದರೆ ಆಪರೇಶನ್‌ಗೆ ಬರೋವಾಗ, ಬಿಟ್ಟು ಹೋಗೋವಾಗ.

ಕ್ಲಿಯರೆನ್ಸ್ ಖರ್ಚಾಗೋದು ಒಂದು ಆಪರೇಶನ್‌ಗೆ ಎರಡೇ ಸಲ, ಆದ್ದರಿಂದ ಅಲ್ಲಿ ಧಾರಾಳವಾಗಿರಿ. ರಿಟ್ರ್ಯಾಕ್ಟ್ ನೂರಾರು ಸಲ ಖರ್ಚಾಗುತ್ತೆ, ಜಿಪುಣತನ ಏನಿದ್ದರೂ ಅಲ್ಲಿ. ಅದೂ ದಾರಿಯಲ್ಲಿ ಏನೂ ಇಲ್ಲ ಅಂತ ಖಾತ್ರಿ ಇದ್ದಾಗ.

ನಿಮ್ಮ ಜಾಬ್‌ಗೆ: ಸ್ಟಡ್ 38, ಅಳತೆಯ ತಪ್ಪಿಗೆ 2, ಮೇಲೆ 10. ಕ್ಲಿಯರೆನ್ಸ್ ಝಡ್50. ರಿಟ್ರ್ಯಾಕ್ಟ್ ಝಡ್5 ಹಾಗೇ ಇರಲಿ. ಪಾಕೆಟ್ ಒಳಗಿನ ಓಡಾಟಕ್ಕೆ ಸ್ಟಡ್ ಅಡ್ಡ ಬರಲ್ಲ, ರಿಬ್ ಮೇಲೂ 5 ಎಂಎಂ ಗಾಳಿ ಇದೆ.

ಸೆಟ್ಟರಣ್ಣ
ಅಷ್ಟೆಲ್ಲಾ ಲೆಕ್ಕ ಯಾಕೆ? ರಿಟ್ರ್ಯಾಕ್ಟೂ 100 ಹಾಕಿದ್ರೆ ಏನು ಗಂಟು ಹೋಗುತ್ತೆ? 36 ಮೀಟರ್ ರಾಪಿಡ್ ಮಷೀನ್ ಅದು. ಸ್ಪಿಂಡಲ್ ಬಡಿದ್ರೆ ಬೇರಿಂಗ್ ಖರ್ಚು ಯಾರಪ್ಪ ಕೊಡ್ತಾರೆ?

ಚಿಪ್‌ಬುಟ್ಟಿ
ಲೆಕ್ಕ ಹಾಕೇ ಬಿಡೋಣ. 36 ಮೀಟರ್ ಅಂದರೆ ಸೆಕೆಂಡಿಗೆ 600 ಎಂಎಂ. ಆಕ್ಸಲರೇಶನ್ ಅರ್ಧ ಜಿ ಅಂತಿಟ್ಟುಕೊಳ್ಳಿ. ಪೂರ್ತಿ ವೇಗ ಮುಟ್ಟೋಕೇ 36 ಎಂಎಂ ಬೇಕು, ನಿಲ್ಲೋಕೆ ಇನ್ನೊಂದು 36. ಹೋಲ್ ಬಾಯಿಂದ 5 ಮೇಲೆ ಅಂದರೆ ಝಡ್-17. ಅಲ್ಲಿಂದ ಝಡ್5ಕ್ಕೆ 22 ಎಂಎಂ, ಹತ್ತಿ ಇಳಿಯೋಕೆ ಸುಮಾರು 0.27 ಸೆಕೆಂಡ್. ಝಡ್100ಕ್ಕೆ 117 ಎಂಎಂ, ಹತ್ತಿ ಇಳಿಯೋಕೆ 0.63 ಸೆಕೆಂಡ್. ಹೋಲ್‌ಗೆ 0.36 ಸೆಕೆಂಡ್ ವ್ಯತ್ಯಾಸ. ಹನ್ನೆರಡು ಹೋಲ್ ಡ್ರಿಲ್, ಹನ್ನೆರಡು ಟ್ಯಾಪ್: ಒಟ್ಟು 9 ಸೆಕೆಂಡ್ ಹತ್ತಿರ. ಒಂದೇ ಪೀಸ್ ಆದರೆ ಮಾತಾಡೋದೇ ಬೇಡ, ನಿಮ್ಮ 100 ಸರಿ. 500 ಪೀಸ್ ಆದರೆ ಒಂದೂಕಾಲು ಗಂಟೆ.

ಹೋಲ್ ಬಿಡಿ, ಅಡಾಪ್ಟಿವ್ ರಫಿಂಗ್‌ನಲ್ಲಿ ಟೂಲ್ 300 ಸಲ ಎದ್ದರೆ ಅಲ್ಲೇ ಪೀಸಿಗೆ ಒಂದೂಮುಕ್ಕಾಲು ನಿಮಿಷ. ಅಲ್ಲಿ ಹೈಟ್ ಇಳಿಸೋಕಿಂತ ಟೂಲ್ ಏಳದ ಹಾಗೆ ಮಾಡೋದು ಲಾಭ. ಲಿಂಕಿಂಗ್ ಟ್ಯಾಬ್‌ನಲ್ಲಿ ಸ್ಟೇ ಡೌನ್ ದೂರ ಜಾಸ್ತಿ ಮಾಡಿ.

ಪೋಸ್ಟ್‌ಮ್ಯಾನ್
ಒಂದು ತಿದ್ದುಪಡಿ. ಈ ಲೆಕ್ಕ ನಿಜವಾದ ಜಿ0 (ರಾಪಿಡ್) ಬರೋ ಲೈಸೆನ್ಸ್‌ಗೆ ಮಾತ್ರ. ಫ್ಯೂಷನ್‌ನ ಪರ್ಸನಲ್ ಲೈಸೆನ್ಸ್‌ನಲ್ಲಿ 2020ರ ಅಕ್ಟೋಬರ್‌ನಿಂದ ರಾಪಿಡ್ ಬರಲ್ಲ, ಎಲ್ಲಾ ಜಿ1 ಆಗಿ ಕಟಿಂಗ್ ಫೀಡ್‌ನಲ್ಲಿ ಓಡುತ್ತೆ. ಎಫ್800ರಲ್ಲಿ (ನಿಮಿಷಕ್ಕೆ 800 ಎಂಎಂ) 100 ಹತ್ತಿ 100 ಇಳಿದರೆ ಹೋಲ್‌ಗೆ 15 ಸೆಕೆಂಡ್, ಹನ್ನೆರಡಕ್ಕೆ 3 ನಿಮಿಷ. ಮನೆಯಲ್ಲಿ ರೌಟರ್ ಇಟ್ಟುಕೊಂಡಿರೋ ಹವ್ಯಾಸಿಗಳು "ನನ್ನ ಮಷೀನ್ ಯಾಕಿಷ್ಟು ನಿಧಾನ" ಅನ್ನೋದಕ್ಕೆ ಇದೂ ಒಂದು ಕಾರಣ. ಶಾಪ್‌ನಲ್ಲಿ ಆ ಲೈಸೆನ್ಸ್ ಬಳಸೋ ಹಾಗೇ ಇಲ್ಲ ಬಿಡಿ, ಅದು ವ್ಯಾಪಾರಕ್ಕಲ್ಲ.

ಆರ್_ಪಾಯಿಂಟ್
ಎಲ್ಲರೂ ಸ್ಟಡ್ ಹಿಂದೆ ಬಿದ್ದಿದ್ದೀರಿ. ಈ ಜಾಬ್‌ನಲ್ಲಿ ನಿಜವಾಗಿ ಟೂಲ್ ಮುರಿಯೋದು ರಿಬ್ ಹತ್ತಿರ. ಹೋಲ್ ಬಾಯಿ ಝಡ್-22ರಲ್ಲಿದೆ. ಆರ್ ಪಾಯಿಂಟ್ (ರಾಪಿಡ್ ನಿಂತು ಡ್ರಿಲ್ ಫೀಡ್ ಶುರುವಾಗೋ ಎತ್ತರ) -17. ಡ್ರಿಲ್ ಸೈಕಲ್ ಜಿ99ರಲ್ಲಿ ಓಡಿದರೆ ಹೋಲ್ ಮುಗಿದ ಮೇಲೆ ಆರ್ ವರೆಗೆ ಮಾತ್ರ ಎದ್ದು, ಅಲ್ಲೇ ಮುಂದಿನ ಹೋಲ್‌ಗೆ ರಾಪಿಡ್. ಮೊದಲ ಆರು ಹೋಲ್ ಚೆನ್ನಾಗಿ ಬರುತ್ತೆ. ಏಳನೇದಕ್ಕೆ ಹೋಗೋವಾಗ ಮಧ್ಯೆ 8 ಎಂಎಂ ದಪ್ಪದ ಗೋಡೆ, 17 ಎಂಎಂ ತಲೆ ಮೇಲಿದೆ. 5 ಎಂಎಂ ಡ್ರಿಲ್ ಕಡ್ಡಿ ಹಾಗೆ ಲಟಕ್ ಅಂತ ಹೋಗುತ್ತೆ.

ಜಿ98 ಆದರೆ ಇನಿಶಿಯಲ್ ಲೆವೆಲ್‌ಗೆ ವಾಪಸ್ ಹೋಗುತ್ತೆ. ಇನಿಶಿಯಲ್ ಲೆವೆಲ್ ಅಂದರೆ ಯಾವುದೋ ಪ್ಯಾರಾಮೀಟರ್ ಅಲ್ಲ. ಜಿ81 (ಡ್ರಿಲ್ ಸೈಕಲ್) ಬ್ಲಾಕ್ ಓದೋ ಹೊತ್ತಿಗೆ ಝಡ್ ಎಲ್ಲಿತ್ತೋ ಅದು. ಆದ್ದರಿಂದ ಪೋಸ್ಟ್ ಮಾಡಿದ ಮೇಲೆ ಫೈಲ್ ತೆಗೆದು ಜಿ81ಕ್ಕೆ ಮುಂಚಿನ ಕೊನೆಯ ಝಡ್ ಎಷ್ಟು, ಆ ಸಾಲಿನಲ್ಲಿ ಆರ್ ಎಷ್ಟು ಅಂತ ಎರಡೂ ಕಣ್ಣಾರೆ ನೋಡಿ. ಸ್ಕ್ರೀನ್ ಮೇಲೆ ತುಂಬಿದ ಯಾವ ಹೈಟ್ ಯಾವುದಾಗಿ ಹೊರಬಂತು ಅಂತ ಖಚಿತವಾಗೋದು ಅಲ್ಲೇ. ಕೈಯಲ್ಲಿ ಎಡಿಟ್ ಮಾಡಿ "ಟೈಮ್ ಉಳೀತು" ಅಂತ ಜಿ98ನ ಜಿ99 ಮಾಡೋರು ಇದ್ದಾರೆ. ಸಮತಟ್ಟಾದ ಪ್ಲೇಟ್ ಮೇಲೆ ಅದು ಸರಿ, ಇಲ್ಲಿ ಅಲ್ಲ.

ಪೀಣ್ಯ_2ನೇ_ಹಂತ
+1. ಬೇಕಿದ್ದರೆ ಎರಡನ್ನೂ ಬೆರೆಸಬಹುದು. ಒಂದು ಪಾಕೆಟ್‌ನ ಐದು ಹೋಲ್ ಜಿ99, ಆರನೇದು ಜಿ98, ಆಮೇಲೆ ಗೋಡೆ ದಾಟಿ ಮತ್ತೆ ಜಿ99. ಮೋಡಲ್ ಆದ್ದರಿಂದ ಆಯಾ ಸಾಲಿನಲ್ಲಿ ಬರೆದರೆ ಸಾಕು. ಕ್ಯಾಮ್‌ನಲ್ಲೇ ಬೇಕು ಅಂದರೆ ಪಾಕೆಟ್‌ಗೊಂದು ಡ್ರಿಲ್ ಆಪರೇಶನ್ ಮಾಡಿ. ಹೋಲ್‌ಗಳ ಆರ್ಡರ್ ಬದಲಾದ್ರೆ ಮಾತ್ರ ಕೈ ಎಡಿಟ್ ಎಲ್ಲಾ ಹಾಳು, ಮರೀಬೇಡಿ.

ಉದ್ಯಮಬಾಗ್_ಎರಕ
ಅಲ್ರೀ, ಎಲ್ಲಾರೂ ಚೊಕ್ಕ ಪ್ಲೇಟ್ ಹಿಡಕೊಂಡು ಮಾತಾಡಾಕತ್ತೀರಿ. ಎರಕದ ಜಾಬ್ ಬಂದ್ರ ಕತಿನೇ ಬ್ಯಾರೆ ಐತಿ. ನಮ್ಮ ಬೆಳಗಾವಿ ಕಡೆ ಸಿಐ, ಎಸ್‌ಜಿ (ಎರಕದ ಕಬ್ಬಿಣ) ಕಾಸ್ಟಿಂಗೇ ಜಾಸ್ತಿ. ಡ್ರಾಯಿಂಗ್‌ನಾಗ ಮಷೀನಿಂಗ್ ಅಲೌನ್ಸ್ 3 ಎಂಎಂ ಅಂತ ಇರತೈತಿ. ಕೈಯಾಗ ಬರೋ ಕಾಸ್ಟಿಂಗ್ ಒಂದು 2 ಇರತೈತಿ, ಇನ್ನೊಂದು 5. ರೈಸರ್ (ಎರಕ ಹೊಯ್ದಾಗ ಮ್ಯಾಲೆ ಉಳಿಯೋ ಕಂಬ) ಕಡಿದ ಬುಡ ಸರಿಯಾಗಿ ಗ್ರೈಂಡ್ ಮಾಡಿರ್ಲಿಕ್ರ ಅಲ್ಲಿ 8 ಎಂಎಂ ಗಡ್ಡಿ ನಿಂತಿರತೈತಿ.

ಈಗ ಫ್ಯೂಷನ್ ಸ್ಟಾಕ್ ಡಬ್ಬಿ ಹಂಗ ಬಿಟ್ರ ಮ್ಯಾಲೆ 1 ಎಂಎಂ ಅಷ್ಟ ಇಟ್ಟಿರತೈತಿ. ಸ್ಟಾಕ್ ಟಾಪ್ ಝಡ್1, ಫೀಡ್ ಹೈಟ್ ಅದ್ರ ಮ್ಯಾಲೆ 5, ಅಂದ್ರ ಝಡ್6. ರೈಸರ್ ಬುಡ ಝಡ್8. ರಾಪಿಡ್‌ನಾಗ ಝಡ್6ಕ್ಕ ಇಳಿದ್ರ ಕಟರ್ 2 ಎಂಎಂ ಕಬ್ಬಿಣದೊಳಗ ಹೊಕ್ಕಿರತೈತಿ, ಅದೂ ಫೀಡ್ ಇಲ್ದ. ಇನ್ಸರ್ಟ್ ಅಂತೂ ಹೋತು, ಬಾಡಿ ಪಾಕೆಟ್ ಉಳಿದ್ರ ಪುಣ್ಯ.

ಹಿಂಗಾಗಿ ಸ್ಟಾಕ್ ಬರಿಯೋವಾಗ ಅತಿ ದೊಡ್ಡ ಕಾಸ್ಟಿಂಗ್ ಹಿಡದ ಬರೀರಿ. ಸಣ್ಣ ಪೀಸಿಗೆ ಒಂದು ಪಾಸ್ ಗಾಳಿ ಕಡೀತೈತಿ, ಕಡೀಲಿ. ಫಿಕ್ಸ್ಚರ್ ಮ್ಯಾಲೆ ಒಂದು ಗೇಜ್ ಪಟ್ಟಿ ಆಡಸ್ರಿ. ಅದ್ರ ಕೆಳಗ ಹಾಯಲಾರದ ಕಾಸ್ಟಿಂಗ್ ಗ್ರೈಂಡಿಂಗ್‌ಗೆ ವಾಪಸ್. ಫೇಸ್‌ಮಿಲ್ ಆದ್ರ ಜಾಬ್ ಹೊರಗ ಇಳಿಸಿ ಅಡ್ಡ ಹೋಗ್ರಿ, ನೆತ್ತಿ ಮ್ಯಾಲೆ ಇಳಿಸಬ್ಯಾಡ್ರಿ.

ಹತ್ತರ_ಎಂಡ್‌ಮಿಲ್
ಧನ್ಯವಾದ. ಹಾಗಾದರೆ ಕ್ಲಿಯರೆನ್ಸ್‌ನ ಒರಿಜಿನ್ ಆಬ್ಸಲ್ಯೂಟ್ ಅಂತ ಮಾಡಿ 50 ಕೊಟ್ಟು, ಅದನ್ನೇ ಟೆಂಪ್ಲೇಟ್ ಆಗಿ ಸೇವ್ ಮಾಡಿಕೊಳ್ತೀನಿ. ಎಲ್ಲಾ ಜಾಬ್‌ಗೂ ಅದೇ.

ಆರ್_ಪಾಯಿಂಟ್
ಅಯ್ಯೋ, ಅದೊಂದು ಮಾಡಬೇಡಿ. ಇವತ್ತು ಝಡ್ ಸೊನ್ನೆ ಜಾಬ್ ಮೇಲಿದೆ. ನಾಳೆ ತಿರುಗಿಸಿ ಹಾಕಿದಾಗ ಯಾರೋ ಝಡ್ ಸೊನ್ನೆಯನ್ನ ವೈಸ್ ತಳಕ್ಕೆ ಇಡ್ತಾರೆ, ಪ್ಯಾರಲಲ್ ಮೇಲೆ ಕೂತ ಜಾಬ್‌ನ ನೆತ್ತಿ ಝಡ್60 ಆಗುತ್ತೆ. ಆಗ ನಿಮ್ಮ ಟೆಂಪ್ಲೇಟ್‌ನ 50 ಜಾಬ್ ಒಳಗೆ 10 ಎಂಎಂ ಕೆಳಗಿದೆ. ಆಬ್ಸಲ್ಯೂಟ್ ಸಂಖ್ಯೆಗೆ ಒರಿಜಿನ್ ಎಲ್ಲಿದೆ ಅನ್ನೋದಷ್ಟೇ ಗೊತ್ತು.

ಕ್ಲಿಯರೆನ್ಸ್‌ನ "ಫ್ರಮ್" ಪಟ್ಟಿಯಲ್ಲಿ ಸೆಲೆಕ್ಷನ್ ಆರಿಸಿ, ಮಾಡೆಲ್ ಮಾಡಿದ ಸ್ಟಡ್‌ನ ನೆತ್ತಿ ಮೇಲೆ ಕ್ಲಿಕ್ ಮಾಡಿ, ಆಫ್‌ಸೆಟ್ 12 ಕೊಡಿ. ಸ್ಟಡ್ ಬದಲಾದರೆ ಹೈಟ್ ತಾನಾಗೇ ಬದಲಾಗುತ್ತೆ. ಒರಿಜಿನ್ ಎಲ್ಲಿಗೆ ಹೋದರೂ ತೊಂದರೆ ಇಲ್ಲ.

ಪೀಣ್ಯ_2ನೇ_ಹಂತ
ನಾನು ಒಪ್ಪಲ್ಲ. ಆಬ್ಸಲ್ಯೂಟ್ ಆದರೆ ಪ್ರೋಗ್ರಾಂ ಶೀಟ್‌ನಲ್ಲಿರೋ ಸಂಖ್ಯೆ, ಮಷೀನ್ ಸ್ಕ್ರೀನ್ ಮೇಲಿನ ಸಂಖ್ಯೆ ಒಂದೇ. ಆಪರೇಟರ್ "ಝಡ್50 ಬರಬೇಕು, ಬಂತು" ಅಂತ ತಾಳೆ ನೋಡ್ತಾನೆ. ಸೆಲೆಕ್ಷನ್‌ನಿಂದ ಬಂದ 49.37 ಯಾರಿಗೆ ನೆನಪಿರುತ್ತೆ? ಇನ್ನು ಸಂಬಂಧ ಕಟ್ಟಿದ ಹೈಟ್‌ಗಳಲ್ಲಿ ಬೇರೆ ತರಲೆ ಇದೆ. ಡಿಫಾಲ್ಟ್‌ನಲ್ಲಿ ಕ್ಲಿಯರೆನ್ಸ್ ರಿಟ್ರ್ಯಾಕ್ಟ್‌ಗೆ ಕಟ್ಟಿದೆ, ರಿಟ್ರ್ಯಾಕ್ಟ್ ಸ್ಟಾಕ್‌ಗೆ ಕಟ್ಟಿದೆ. ಮಟೀರಿಯಲ್ 5 ಎಂಎಂ ಸಣ್ಣದು ಬಂತು ಅಂತ ಸೆಟಪ್‌ನಲ್ಲಿ ಸ್ಟಾಕ್ ಬದಲಿಸಿದರೆ ಇಡೀ ಸರಪಳಿ ಸದ್ದಿಲ್ಲದೆ 5 ಎಂಎಂ ಇಳಿದಿರುತ್ತೆ. ಕ್ಲ್ಯಾಂಪ್ ಇಳಿದಿರಲ್ಲ.

ಆರ್_ಪಾಯಿಂಟ್
ಆಬ್ಸಲ್ಯೂಟ್ ಇರಲಿ, ಟೆಂಪ್ಲೇಟ್ ಬೇಡ. ಅಲ್ಲಿಗೆ ರಾಜಿ?

ಪೀಣ್ಯ_2ನೇ_ಹಂತ
ಆಯ್ತು ಸ್ವಾಮಿ.

ಮೈಸೂರು_ಮಿಲ್ಲಿಂಗ್
ಬೇರೆ ಸಾಫ್ಟ್‌ವೇರ್‌ನಿಂದ ಬಂದವರು ಹೆಸರುಗಳ ಬಗ್ಗೆ ಜೋಪಾನ. ಫ್ಯೂಷನ್, ಮಾಸ್ಟರ್‌ಕ್ಯಾಮ್ ಎರಡರಲ್ಲೂ ಕ್ಲಿಯರೆನ್ಸ್ ಅಂದರೆ ಎಲ್ಲಕ್ಕಿಂತ ಮೇಲಿನ ಎತ್ತರ. ಕ್ಯಾಮ್‌ವರ್ಕ್ಸ್‌ನಲ್ಲಿ ಮೇಲಿನದಕ್ಕೆ ರಾಪಿಡ್ ಪ್ಲೇನ್ ಅಂತಾರೆ, ಕ್ಲಿಯರೆನ್ಸ್ ಪ್ಲೇನ್ ಅಂದರೆ ರಾಪಿಡ್ ಮುಗಿದು ಫೀಡ್ ಶುರುವಾಗೋ ಕೆಳಗಿನ ಎತ್ತರ. ಅದೇ ಪದ, ಉಲ್ಟಾ ಜಾಗ. ಅಲ್ಲಿ 2 ಎಂಎಂ ಕ್ಲಿಯರೆನ್ಸ್ ಕೊಟ್ಟು ಅಭ್ಯಾಸ ಆದ ಕೈ ಇಲ್ಲಿ ಬಂದು 2 ಅಂತ ಒತ್ತಿದರೆ ಕ್ಲ್ಯಾಂಪ್ ಗತಿ ಗೋವಿಂದ.

ಮಾಸ್ಟರ್‌ಕ್ಯಾಮ್‌ನಲ್ಲಿ ಪ್ರತಿ ಹೈಟ್‌ಗೂ ಆಬ್ಸಲ್ಯೂಟ್, ಇನ್‌ಕ್ರಿಮೆಂಟಲ್ ಬೇರೆ ಬೇರೆ ಕೊಡಬಹುದು. ಇನ್‌ಕ್ರಿಮೆಂಟಲ್ ರಿಟ್ರ್ಯಾಕ್ಟ್ ಟಾಪ್ ಆಫ್ ಸ್ಟಾಕ್‌ನಿಂದ ಎಣಿಸುತ್ತೆ. ಟಾಪ್ ಆಫ್ ಸ್ಟಾಕ್ ಇನ್‌ಕ್ರಿಮೆಂಟಲ್ ಆದರೆ ಆರಿಸಿದ ಗೆರೆಯಿಂದ ಎಣಿಸುತ್ತೆ. ಗೆರೆ ಪಾಕೆಟ್ ತಳದ್ದಾಗಿದ್ದರೆ ರಿಟ್ರ್ಯಾಕ್ಟೂ ಪಾಕೆಟ್ ಒಳಗೇ ಬಂದು ಕೂರುತ್ತೆ. ಕ್ಲಿಯರೆನ್ಸ್ ಪಕ್ಕದಲ್ಲಿ ಆಪರೇಶನ್ ಶುರು ಮತ್ತು ಕೊನೆಗೆ ಮಾತ್ರ ಬಳಸು ಅನ್ನೋ ಟಿಕ್ ಒಂದಿದೆ. ಸಮತಟ್ಟು ಜಾಬ್‌ಗೆ ಹಾಕಿ, ಕ್ಲ್ಯಾಂಪ್ ದಾಟೋ ಜಾಬ್‌ಗೆ ತೆಗೀರಿ.

ಫ್ರೀಕ್ಯಾಡ್_ಹವ್ಯಾಸಿ
ಫ್ರೀಕ್ಯಾಡ್‌ನಲ್ಲೂ ಇದೇ ಕಥೆ, ಇನ್ನೂ ಬಿಗಿ. ಸೆಟಪ್ ಶೀಟ್‌ನಲ್ಲಿ ಸೇಫ್ ಹೈಟ್ ಸ್ಟಾಕ್‌ಗಿಂತ 3 ಎಂಎಂ, ಕ್ಲಿಯರೆನ್ಸ್ 5 ಎಂಎಂ, ಅಷ್ಟೇ ಡಿಫಾಲ್ಟ್. ವೇಸ್ಟ್‌ಬೋರ್ಡ್‌ಗೆ ಕ್ಲ್ಯಾಂಪ್ ಹಾಕೋ ರೌಟರ್ ಮಂದಿ ಅಲ್ಲೇ ಬದಲಿಸಿಕೊಂಡರೆ ಆಮೇಲೆ ಹಾಕೋ ಆಪರೇಶನ್‌ಗಳೆಲ್ಲಾ ಅದನ್ನೇ ಹಿಡಿಯುತ್ತವೆ.

ಉದ್ಯಮಬಾಗ್_ಎರಕ
ಇಷ್ಟೆಲ್ಲಾ ಹೈಟ್ ಹೈಟ್ ಅಂತೀರಿ, ಆ 38 ಎಂಎಂ ಸ್ಟಡ್ ಯಾಕ ಬೇಕ್ರಿ? ಸಣ್ಣ ಸ್ಟಡ್ ಹಾಕ್ರಿ ಮೊದ್ಲ. ನಟ್ ಮ್ಯಾಲೆ ಎರಡು ಮೂರು ಥ್ರೆಡ್ ಕಂಡ್ರ ಸಾಕು.

ಸೆಟ್ಟರಣ್ಣ
ಶಾಪ್‌ನಲ್ಲಿ ಇರೋ ಕ್ಲ್ಯಾಂಪಿಂಗ್ ಕಿಟ್‌ನಲ್ಲಿ ಸಣ್ಣ ಸ್ಟಡ್ ಯಾವತ್ತೂ ಸಿಗಲ್ಲ ಸಾರ್. ಸಣ್ಣದೆಲ್ಲ ಮಾಯ, ಉದ್ದದ್ದೇ ಮಿಕ್ಕಿರೋದು. ಎಲ್ಲಾ ಶಾಪ್‌ನಲ್ಲೂ ಹೀಗೇನಾ?

ಪೀಣ್ಯ_2ನೇ_ಹಂತ
ಹ್ಹ, ಸಾರ್ವತ್ರಿಕ ಸತ್ಯ. ಉದ್ದದ್ದನ್ನ ಕತ್ತರಿಸಿದರೂ ಆಯ್ತು, ತುದಿಗೆ ಚ್ಯಾಂಫರ್ ಹೊಡೀರಿ, ಇಲ್ಲಾಂದ್ರೆ ನಟ್ ಹತ್ತಲ್ಲ. ಬ್ಯಾಚ್ ದೊಡ್ಡದಾದರೆ ಅಡ್ಡ ಹಿಡಿಯೋ ಕ್ಲ್ಯಾಂಪ್‌ಗೆ ಹೋಗಿ, ಮೇಲೆ ಏನೂ ಏಳಲ್ಲ.

ಪೋಸ್ಟ್‌ಮ್ಯಾನ್
ವಿಷಯಕ್ಕೆ ವಾಪಸ್. ಕ್ಯಾಮ್‌ನಲ್ಲಿ ಎಷ್ಟೇ ಸರಿ ಇಟ್ಟರೂ ಹೈಟ್‌ಗಳಿಗೆ ಸಂಬಂಧವೇ ಇಲ್ಲದ ಮೂರು ಜಾಗದಲ್ಲಿ ಕ್ರ್ಯಾಶ್ ಆಗುತ್ತೆ.

ಮೊದಲನೇದು ಹೋಮ್ ಸಾಲು. ಜಿ91 ಜಿ28 ಝಡ್0 ಅಂದರೆ ಇರೋ ಜಾಗದಿಂದ ನೇರ ಮೇಲೆ. ಜಿ91 (ಇರೋ ಜಾಗದಿಂದ ಎಣಿಕೆ) ಬಿಟ್ಟುಹೋಗಿ ಜಿ90ರಲ್ಲಿ (ಸೊನ್ನೆಯಿಂದ ಎಣಿಕೆ) ಜಿ28 ಝಡ್0 ಓಡಿದರೆ? ಜಿ28ರ ಜೊತೆ ಬರೋ ಸಂಖ್ಯೆ ಮಧ್ಯದ ನಿಲ್ದಾಣ. ಟೂಲ್ ಮೊದಲು ವರ್ಕ್‌ನ ಝಡ್ ಸೊನ್ನೆಗೆ ರಾಪಿಡ್‌ನಲ್ಲಿ ಇಳಿದು, ಆಮೇಲೆ ಹೋಮ್‌ಗೆ ಹೋಗೋಕೆ ನೋಡುತ್ತೆ. ಝಡ್ ಸೊನ್ನೆ ವೈಸ್ ತಳದಲ್ಲಿದ್ದರೆ ಜಾಬ್ ಸೀಳಿಕೊಂಡೇ ಹೋಗಬೇಕು. ಜಿ53 ಜಿ0 ಝಡ್0ರಲ್ಲಿ ಈ ತೊಂದರೆ ಇಲ್ಲ, ಅದು ಮಷೀನ್ ಕೋಆರ್ಡಿನೇಟ್, ಆ ಒಂದು ಸಾಲಿಗೆ ಮಾತ್ರ. ಫ್ಯೂಷನ್‌ನ ಫ್ಯಾನುಕ್ ಪೋಸ್ಟ್‌ನಲ್ಲಿ ಸೇಫ್ ರಿಟ್ರ್ಯಾಕ್ಟ್ಸ್ ಅಂತ ಪ್ರಾಪರ್ಟಿ ಇದೆ. ಜಿ28, ಜಿ53, ಕ್ಲಿಯರೆನ್ಸ್ ಹೈಟ್, ಯಾವುದು ಬೇಕೋ ಆರಿಸಿ. ಮೂರನೇದನ್ನ ಆರಿಸಿದರೆ ಹೋಮ್‌ಗೆ ಹೋಗೋದೇ ಇಲ್ಲ ಅನ್ನೋದು ನೆನಪಿರಲಿ.

ಎರಡನೇದು ತಪ್ಪು ಎಚ್. ಟಿ5 ಹಾಕಿ ಎಚ್4 ಓದಿಸಿದರೆ, ಟಿ5 ಆ ಎಚ್4ರ ಟೂಲ್‌ಗಿಂತ 60 ಎಂಎಂ ಉದ್ದ ಇದ್ದರೆ, ನಿಮ್ಮ ಝಡ್50 ನಿಜದಲ್ಲಿ ಝಡ್-10. ಕ್ಲಿಯರೆನ್ಸ್ ಎಷ್ಟು ಕೊಟ್ಟರೂ ಇದಕ್ಕೆ ಸಾಲದು. ಟೂಲ್ ಲೈಬ್ರರಿಯಲ್ಲಿ ಲೆಂತ್ ಆಫ್‌ಸೆಟ್ ಸಂಖ್ಯೆ ಟೂಲ್ ಸಂಖ್ಯೆಗೆ ಸಮ ಇದೆಯಾ ನೋಡಿ. ಹಳೇ ಟೂಲ್ ಕಾಪಿ ಮಾಡಿ ಹೊಸದು ಮಾಡಿದಾಗ ತಪ್ಪೋದು ಇಲ್ಲೇ.

ಮೂರನೇದು ಮಧ್ಯದಿಂದ ರೀಸ್ಟಾರ್ಟ್. ಕರೆಂಟ್ ಹೋಯ್ತು, ರೀಸೆಟ್ ಆಯ್ತು, ಆಪರೇಟರ್ ಪಾಕೆಟ್ ನಡುವಿನ ಸಾಲಿಗೆ ಕರ್ಸರ್ ತಂದು ಸೈಕಲ್ ಸ್ಟಾರ್ಟ್. ಜಿ43 ಓದೇ ಇಲ್ಲ. ಯಾವಾಗಲೂ ಟೂಲ್ ಕಾಲ್ ಸಾಲಿನಿಂದಲೇ ಶುರು.

ಗೇಜ್‌ಬ್ಲಾಕ್
ನಾಲ್ಕನೇದು ಸೇರಿಸ್ತೀನಿ: ಜಿ0 ಸೀದಾ ಹೋಗಲ್ಲ. ಫ್ಯಾನುಕ್‌ನಲ್ಲಿ ಪ್ಯಾರಾಮೀಟರ್ 1401ರ ಬಿಟ್ 1 ಸೊನ್ನೆ ಇದ್ದರೆ ಎಕ್ಸ್, ವೈ ತಮ್ಮ ಪಾಡಿಗೆ ಪೂರ್ತಿ ವೇಗದಲ್ಲಿ ಓಡುತ್ತವೆ. ಎಕ್ಸ್ 160, ವೈ 40 ಹೋಗಬೇಕು ಅನ್ನಿ. ಮೊದಲು 45 ಡಿಗ್ರಿಯಲ್ಲಿ 40, ವೈ ಮುಗಿದ ಮೇಲೆ ಉಳಿದ 120 ಎಕ್ಸ್‌ನಲ್ಲಿ. ಮೇಲಿಂದ ನೋಡಿದರೆ ನಾಯಿ ಕಾಲಿನ ಹಾಗೆ ಸೊಟ್ಟ. ಕ್ಯಾಮ್ ತೋರಿಸಿದ್ದು ನೇರ ಗೆರೆ. ಎರಡು ಕ್ಲ್ಯಾಂಪ್ ನಡುವೆ ನಾಜೂಕಾಗಿ ಹೋಗುತ್ತೆ ಅಂತ ಸ್ಕ್ರೀನ್ ನೋಡಿ ನಂಬಿದರೆ ಮಷೀನಿನಲ್ಲಿ ಒಂದು ಕ್ಲ್ಯಾಂಪ್ ಮೇಲೇ ಹೋಗುತ್ತೆ. "ಪಕ್ಕದಿಂದ ಹೋಗುತ್ತಲ್ಲ" ಅಂತ ಹೈಟ್ ಇಳಿಸಬೇಡಿ ಅನ್ನೋದಕ್ಕೆ ಇದೇ ಕಾರಣ. ಆ ಬಿಟ್‌ಗೆ ಸೊನ್ನೆ ಬದಲು 1 ಕೊಟ್ಟರೆ ನೇರ ಹೋಗುತ್ತೆ, ಆದರೆ ಪ್ಯಾರಾಮೀಟರ್ ಮುಟ್ಟೋ ಮುಂಚೆ ಮಷೀನ್ ತಯಾರಕರನ್ನ ಕೇಳಿ.

ಸೆಟ್ಟರಣ್ಣ
ಇದು ಗೊತ್ತಿರಲಿಲ್ಲ. ಅದಕ್ಕೇ ನಾನು 100 ಅನ್ನೋದು 😀 ಬೇಕಾದ್ರೆ 200.

ಗೇಜ್‌ಬ್ಲಾಕ್
200 ಅಂದರೆ ಇನ್ನೊಂದು ಅಲಾರಂ ಕಾದಿದೆ ಅಣ್ಣ. ಝಡ್ ಹೋಮ್‌ನಲ್ಲಿ ಸ್ಪಿಂಡಲ್ ಮೂತಿಯಿಂದ ಟೇಬಲ್‌ಗೆ 600 ಇರೋ ಮಷೀನ್ ಅನ್ನಿ. ವೈಸ್, ಜಾಬ್ ಸೇರಿ 200 ಎತ್ತರ. ಟೂಲ್ ಉದ್ದ ಹೋಲ್ಡರ್ ಸಮೇತ 250. ಉಳಿಯೋದು 150. ಹೋಮ್‌ನಲ್ಲಿ ನಿಂತಾಗಲೇ ಟೂಲ್ ತುದಿ ಜಾಬ್‌ನಿಂದ 150 ಮೇಲಿದೆ, ನೀವು 200ಕ್ಕೆ ಹೋಗು ಅಂದರೆ ಹೋಗೋಕೆ ಜಾಗವೇ ಇಲ್ಲ. ಓವರ್‌ಟ್ರಾವೆಲ್ ಪ್ಲಸ್ ಝಡ್. ಸಣ್ಣ ಡ್ರಿಲ್‌ಗೆ ಬರಲ್ಲ, ಉದ್ದ ಬೋರಿಂಗ್ ಬಾರ್ ಬಂದಾಗ ಪ್ರೋಗ್ರಾಂ ಮಧ್ಯೆ ನಿಲ್ಲುತ್ತೆ.

ಆರ್_ಪಾಯಿಂಟ್
ಫೀಡ್ ಹೈಟ್ ಬಗ್ಗೆ ಯಾರೂ ವಿವರವಾಗಿ ಹೇಳಲಿಲ್ಲ. ಎಲ್ಲದಕ್ಕೂ 5 ಅಂತ ಬಿಡೋದು ಸೋಮಾರಿತನ. ಮಷೀನಿಂಗ್ ಆದ ಮುಖದ ಮೇಲೆ ಡ್ರಿಲ್‌ಗೆ 2ರಿಂದ 3 ಸಾಕು. ಕಚ್ಚಾ ಎರಕಕ್ಕೆ 5 ಅಥವಾ ಜಾಸ್ತಿ. ಅಲ್ಯುಮಿನಿಯಂನಲ್ಲಿ ಉದ್ದ ಚಿಪ್ಸ್ ಪಾಕೆಟ್ ತಳದಲ್ಲಿ ಹಕ್ಕಿಗೂಡು ಕಟ್ಟಿದ್ದರೆ 2 ಎಂಎಂಗೆ ರಾಪಿಡ್‌ನಲ್ಲಿ ಇಳಿಯೋ ಡ್ರಿಲ್ ಆ ಗೂಡಿಗೇ ನುಗ್ಗುತ್ತೆ. ಕೂಲಂಟ್ ಒತ್ತಡ ಇಲ್ಲದಿದ್ದರೆ 5 ಇರಲಿ, ಅಥವಾ ಪಾಕೆಟ್ ಆದ ಮೇಲೆ ಎಂ0 ಹಾಕಿ ಏರ್ ಹೊಡೆಸಿ.

ಟ್ಯಾಪ್‌ಗೆ ಬೇರೆ ಲೆಕ್ಕ. ರಿಜಿಡ್ ಟ್ಯಾಪಿಂಗ್‌ನಲ್ಲಿ (ಸ್ಪಿಂಡಲ್ ತಿರುಗೋದು, ಝಡ್ ಇಳಿಯೋದು ಎರಡೂ ತಾಳೆಯಾಗಿ ಓಡೋದು) ಸ್ಪಿಂಡಲ್ ವೇಗಕ್ಕೆ ಬರೋಕೆ ಸ್ವಲ್ಪ ಗಾಳಿ ಬೇಕು, ಎಂ6ಗೆ 5 ಎಂಎಂ ಸಾಕು. ಫ್ಲೋಟಿಂಗ್ ಟ್ಯಾಪ್ ಹೋಲ್ಡರ್ ಆದರೆ ವಾಪಸ್ ಬರೋವಾಗ ಟ್ಯಾಪ್ ಹೊರಗೆ ಎಳೆದುಕೊಳ್ಳುತ್ತೆ. ಆರ್ ಹತ್ತಿರ ಇದ್ದರೆ ಟ್ಯಾಪ್ ಇನ್ನೂ ಹೋಲ್‌ನಲ್ಲಿರೋವಾಗಲೇ ಮಷೀನ್ ಅಡ್ಡ ಹೊರಡುತ್ತೆ. ಹೋಲ್ಡರ್ ಎಳೆತ ಎಷ್ಟಿದೆಯೋ ಅಷ್ಟನ್ನ ಆರ್‌ಗೆ ಸೇರಿಸಿ.

ಪೆಕ್‌ನಲ್ಲಿ (ಸ್ವಲ್ಪ ಸ್ವಲ್ಪವಾಗಿ ಎದ್ದು ಇಳಿದು ಕೊರೆಯೋದು) ಮತ್ತೊಂದು. ಜಿ83ರಲ್ಲಿ ಡ್ರಿಲ್ ಆರ್‌ವರೆಗೆ ಎದ್ದು, ಮತ್ತೆ ಹಿಂದಿನ ಆಳಕ್ಕಿಂತ ಸ್ವಲ್ಪ ಮೇಲೆವರೆಗೆ ರಾಪಿಡ್‌ನಲ್ಲಿ ಇಳಿಯುತ್ತೆ. ಆ "ಸ್ವಲ್ಪ" ಕ್ಯಾಮ್‌ನಲ್ಲಿ ಇಲ್ಲ, ಪ್ಯಾರಾಮೀಟರ್ 5115ರಲ್ಲಿದೆ. ಜಿ73ರ ಎತ್ತುವಿಕೆ 5114ರಲ್ಲಿ. ಒಂದು ಮಷೀನಿನಲ್ಲಿ ಓಡಿದ ಪ್ರೋಗ್ರಾಂ ಪಕ್ಕದ ಮಷೀನಿನಲ್ಲಿ ಡ್ರಿಲ್ ಮುರಿದರೆ ಅಲ್ಲಿ ನೋಡಿ.

ಮೈಸೂರು_ಮಿಲ್ಲಿಂಗ್
ಹೋಲ್ಡರ್ ಲೆಕ್ಕವೂ ಹಾಕಿಕೊಳ್ಳಿ. ಇಆರ್32 ಕೋಲೆಟ್ ಹೋಲ್ಡರ್‌ನ ನಟ್ 50 ಎಂಎಂ ವ್ಯಾಸ. ಪಾಕೆಟ್ ಗೋಡೆ ಪಕ್ಕದ ಹೋಲ್‌ಗೆ ಡ್ರಿಲ್ 22 ಪಾಕೆಟ್, 10 ದಪ್ಪ, 118 ಡಿಗ್ರಿ ತುದಿಗೆ 1.5, ಹೊರಬರೋಕೆ 1, ಒಟ್ಟು 34.5 ಒಳಗೆ ಹೋಗಬೇಕು. ಡ್ರಿಲ್ 35 ಮಾತ್ರ ಹೊರಗಿದ್ದರೆ ನಟ್ ಗೋಡೆ ನೆತ್ತಿಗೆ ಅರ್ಧ ಎಂಎಂ. 45 ಹೊರಗಿಡಿ.

ಗೇಜ್‌ಬ್ಲಾಕ್
ಮಷೀನ್ ಹತ್ತಿರ ಮಾಡೋ ಕೆಲಸ, ಪ್ರೋಗ್ರಾಮರ್ ಯಾರೇ ಆಗಿರಲಿ. ಪ್ರತಿ ಟೂಲ್‌ನ ಮೊದಲ ಇಳಿಕೆಗೆ ಸಿಂಗಲ್ ಬ್ಲಾಕ್ ಆನ್, ರಾಪಿಡ್ 25 ಪರ್ಸೆಂಟ್, ಸ್ಕ್ರೀನ್‌ನಲ್ಲಿ ಡಿಸ್ಟೆನ್ಸ್ ಟು ಗೋ (ಇನ್ನೂ ಹೋಗಬೇಕಾದ ದೂರ) ಪೇಜ್. ಜಿ43 ಸಾಲು ಮುಗಿದು ಝಡ್50ರಲ್ಲಿ ನಿಂತಾಗ ಸ್ಟೀಲ್ ಸ್ಕೇಲ್ ಇಟ್ಟು ಟೂಲ್ ತುದಿಯಿಂದ ಜಾಬ್‌ಗೆ 50 ಇದೆಯಾ ನೋಡಿ. 47 ಅಂತ ಕಂಡರೂ ಮುಂದೆ ಹೋಗಬೇಡಿ, ಕಾರಣ ಹುಡುಕಿ. ಮುಂದಿನ ಝಡ್ ಇಳಿಕೆಯಲ್ಲಿ ಕೈ ಫೀಡ್ ಹೋಲ್ಡ್ ಮೇಲೆ ಇರಲಿ. ಟೂಲ್ ಜಾಬ್‌ನಿಂದ 10 ಎಂಎಂ ಇದೆ ಅಂತ ಕಣ್ಣಿಗೆ ಕಂಡು, ಡಿಸ್ಟೆನ್ಸ್ ಟು ಗೋ ಇನ್ನೂ -30 ತೋರಿಸ್ತಿದ್ದರೆ ಅಲ್ಲೇ ನಿಲ್ಲಿಸಿ. ಟ್ಯಾಪಿಂಗ್ ನಡುವೆ ಮಾತ್ರ ಫೀಡ್ ಹೋಲ್ಡ್ ತಕ್ಷಣ ಕೇಳಲ್ಲ, ಟ್ಯಾಪ್ ಹೊರಗೆ ಬಂದ ಮೇಲೇ ನಿಲ್ಲೋದು.

ಕ್ಲಿಯರೆನ್ಸ್‌ಗೆ 49.37 ಬದಲು ದುಂಡು ಸಂಖ್ಯೆ ಇರಲಿ ಅನ್ನೋದೂ ಈ ಸ್ಕೇಲ್‌ಗಾಗಿಯೇ.

ಪೀಣ್ಯ_2ನೇ_ಹಂತ
ನೋಡಿದ್ರಾ, ನಾನು ಹೇಳಿದ್ದು ಅದೇ.

ಹತ್ತರ_ಎಂಡ್‌ಮಿಲ್
ಮಾಡಿದ್ದು ಇಷ್ಟು: ಸ್ಟಡ್, ಪಟ್ಟಿಗಳನ್ನ ಫಿಕ್ಸ್ಚರ್ ಆಗಿ ಸೇರಿಸಿದೆ. ಕ್ಲಿಯರೆನ್ಸ್ ಝಡ್50 ಆಬ್ಸಲ್ಯೂಟ್, ಟೆಂಪ್ಲೇಟ್ ಇಲ್ಲ. ರಿಟ್ರ್ಯಾಕ್ಟ್ ಝಡ್5, ಡ್ರಿಲ್ ಫೀಡ್ ಹೈಟ್ ಹೋಲ್ ಬಾಯಿಂದ 3. ಫೈಲ್‌ನಲ್ಲಿ ಜಿ98, ಅದಕ್ಕೆ ಮುಂಚಿನ ಝಡ್ 5, ಆರ್ -19. ಡ್ರಿಲ್ 45 ಹೊರಗಿದೆ. ಹಳೇ ಹೈಟ್ ಇಟ್ಟು ಸಿಮ್ಯುಲೇಶನ್ ಓಡಿಸಿ ನೋಡಿದೆ, ಈಗ ಸ್ಟಡ್ ಹತ್ತಿರ ಕೆಂಪು ತೋರಿಸ್ತು.

ಆರ್_ಪಾಯಿಂಟ್
ಸರಿ ಇದೆ. ಟ್ಯಾಪ್‌ಗೂ 3 ಇಟ್ಟಿಲ್ಲ ತಾನೆ?

ಹತ್ತರ_ಎಂಡ್‌ಮಿಲ್
...ಇಟ್ಟಿದ್ದೆ. ಡ್ರಿಲ್ ಆಪರೇಶನ್ ಕಾಪಿ ಮಾಡಿದ್ದು. 5 ಮಾಡಿದೆ.

ಉದ್ಯಮಬಾಗ್_ಎರಕ
ಸೆಟಪ್ ಶೀಟ್‌ನಾಗ "ಸ್ಟಡ್ 38ಕ್ಕಿಂತ ಎತ್ತರ ಬ್ಯಾಡ" ಅಂತ ದಪ್ಪ ಅಕ್ಷರದಾಗ ಬರೀರಿ. ರಾತ್ರಿ ಪಾಳೀಯವ ಕಿಟ್‌ನಾಗ ಕೈ ಹಾಕಿದ್ರ ಬರೋದು 60ರ ಸ್ಟಡ್ಡ.